ಹದಿನೇಳನೇ ಕಾಯಿ

"ಕಲಾಮಂದಿರ, ಕಲಾಮಂದಿರ! ಯಾರ್ರೀ ಕಲಾಮಂದಿರ, ಬಾಗಿಲಿಗೆ ಬನ್ನಿ!"

ಟಿನ್ ಫ್ಯಾಕ್ಟರಿ, ಮಹದೇವಪುರ, ದೊಡ್ಡನೆಕ್ಕುಂದಿ ದಾಟಿ ಬಂದ ಬಸ್ಸಿನಲ್ಲಿ ಕಂಡಕ್ಟರ್ ಹೀಗೆ ಕೂಗಿದಾಗ, ಕಿಟಕಿ ಪಕ್ಕ ತೂಕಡಿಸುತ್ತಿದ್ದ ನಮ್ಮ ಡ್ರಾಯಿಂಗ್ ಮೇಷ್ಟ್ರು ತಟ್ಟನೆ ಕಣ್ಣು ಬಿಟ್ಟರು. ತೊಡೆಯ ಮೇಲಿದ್ದ ಬೋರ್ಡನ್ನು ಎದೆಗವಚಿಕೊಂಡು, "ಕಲಾಮಂದಿರ ಅಂದ್ನಲ್ಲೋ! ಮಾರತ್ತಹಳ್ಳೀಲಿ ಕಲಾಮಂದಿರ ಇದ್ಯಾ?" ಎಂದು ಕೇಳಿದರು. ಅವರ ಮುಖದ ಸಂಭ್ರಮ ನೋಡಿದ ಮೇಲೆ, ಅದು ಇಲ್ಲಿನ ಸೀರೆ ಅಂಗಡಿಯಿಂದ ಸ್ಟಾಪಿಗೆ ಬಂದ ಹೆಸರು ಎಂದು ಹೇಳಲು ಮನಸ್ಸಾಗಲಿಲ್ಲ. ಆದರೂ ಹೇಳಿದೆ. ಮೇಷ್ಟ್ರು ಸ್ವಲ್ಪವೂ ಸಪ್ಪಗಾಗಲಿಲ್ಲ. "ಏನಾದ್ರೇನು? ಬೆಳಗ್ಗಿಂದ ರಾತ್ರಿವರೆಗೂ ಜನ ಆ ಹೆಸರು ಹೇಳ್ತಾರಲ್ಲ, ಅದು ಕಿವಿಗೆ ಬಿತ್ತಲ್ಲ, ಸಾಕು" ಎಂದು ಇಳಿದೇಬಿಟ್ಟರು.

ಅವರ ಮನಸ್ಸಿನಲ್ಲಿದ್ದದ್ದು ಬೇರೆ ಕಲಾಮಂದಿರ. 1919ರಲ್ಲಿ ಅ.ನ. ಸುಬ್ಬರಾಯರು ಬೆಂಗಳೂರಿನಲ್ಲಿ ಶುರು ಮಾಡಿದ ಚಿತ್ರಶಾಲೆ ಅದು. ದೊಡ್ಡಬಳ್ಳಾಪುರದ ಹುಡುಗ ರುಮಾಲೆ ಚನ್ನಬಸವಯ್ಯ ಕುಂಚ ಹಿಡಿಯಲು ಕಲಿತದ್ದು ಅಲ್ಲಿ. ನಾವಿಬ್ಬರೂ ಮೇ ತಿಂಗಳ ಕೊನೆಯ ಭಾನುವಾರ ಬೆಳಗ್ಗೆ ಊರಿನ ಪಡುವಣ ತುದಿಯಿಂದ ಮೂಡಣ ತುದಿಗೆ ಬರುವಂತೆ ಮಾಡಿದ್ದೂ ಆ ರುಮಾಲೆಯವರೇ.

ಹಿಂದಿನ ವಾರ ರಾಜಾಜಿನಗರದ ರುಮಾಲೆ ಆರ್ಟ್ ಹೌಸ್‌ನಲ್ಲಿ ಅವರ ಚಿತ್ರಗಳನ್ನು ನೋಡಿದ್ದೆವು. ಮೇಷ್ಟ್ರಿಗೆ ಅದು ಎಷ್ಟನೇ ಸಲವೋ, ನನಗೆ ಮೊದಲ ಸಲ. ಹೊರಗಿನ ಬಿಸಿಲಿಗಿಂತ ಒಳಗಿನ ಬಿಸಿಲೇ ಹೆಚ್ಚಿತ್ತು! ಗುಲ್‌ಮೊಹರ್ ಮರಗಳು ಬೆಂಕಿ ಹತ್ತಿದ ಹಾಗೆ, ಕುಂಚದ ಚುಕ್ಕೆ ಒಂದರ ಮೇಲೊಂದು ಕೂತು ಉರಿಯುತ್ತಿದ್ದವು. ರುಮಾಲೆ 1910ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟ, ಜೈಲು, ಸೇವಾದಳ, 'ತಾಯಿನಾಡು' ಪತ್ರಿಕೆ ಎಂದು ಹರೆಯದ ದಿನಗಳನ್ನೆಲ್ಲ ನಾಡಿಗೆ ಕೊಟ್ಟರು. ಮತ್ತೆ ಕುಂಚ ಹಿಡಿದದ್ದು 1962ರಲ್ಲಿ, ಐವತ್ತು ದಾಟಿದ ಮೇಲೆ. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೂ ಬೀದಿ ಬದಿಯಲ್ಲಿ, ಪಾರ್ಕಿನಲ್ಲಿ ನಿಂತು ಬೆಂಗಳೂರಿನ ಮರಗಳನ್ನು ಬರೆದರು. ಇಷ್ಟು ವರ್ಷ ಕಾದಿಟ್ಟ ಬಣ್ಣ ಒಮ್ಮೆಲೇ ಹೊರಬಂದದ್ದರಿಂದಲೇ ಆ ಕೆಂಪು ಅಷ್ಟು ಕೆಂಪಾಗಿದೆ ಎಂದು ನನಗನ್ನಿಸಿತು.

ಚಿತ್ರ ನೋಡಿ ಹೊರಗೆ ಬರುವಾಗ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಕೇಳಿದರು. "ಗುಲ್‌ಮೊಹರ್ ಮಡಗಾಸ್ಕರಿಂದ ಬಂದದ್ದು. ಜಕರಾಂಡ, ಟಬೆಬುಯಾ ಎರಡೂ ದಕ್ಷಿಣ ಅಮೆರಿಕದವು. ಬಂದೋರೆಲ್ಲ ಚಿತ್ರ ಆದ್ರು. ಇಲ್ಲೇ ಇದ್ದ ಹಲಸು, ಮಾವು, ನೇರಳೆ? ಹೂವಿನ ಮರ ನೋಡಿದ ತಕ್ಷಣ ಬಣ್ಣ ಕಲಸ್ತೀವಿ, ಹಣ್ಣಿನ ಮರ ನೋಡಿದ ತಕ್ಷಣ ಕಲ್ಲು ಹುಡುಕ್ತೀವಿ. ಯಾಕೋ?"

ನನಗೆ ಉತ್ತರ ಗೊತ್ತಿರಲಿಲ್ಲ. "ಮುಂದಿನ ಭಾನುವಾರ ಒಂದು ಹಲಸಿನ ಮರ ಬರೆಯೋಣ" ಎಂದರು. ಲಾಲ್‌ಬಾಗಿಗೆ ಹೋಗೋಣವೆಂದರೆ ಒಪ್ಪಲಿಲ್ಲ. "ತೋಟದಲ್ಲಿರೋ ಮರ ಬೇಡ. ಜನರ ನಡುವೆ ಸಿಕ್ಕಾಕ್ಕೊಂಡಿರೋ ಮರ ಬೇಕು." ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮಾರತ್ತಹಳ್ಳಿಯ ಹಿಂಭಾಗದಲ್ಲಿ, ಮುನ್ನೇಕೊಳಾಲದ ಕಡೆ ಹೋಗುವ ಗಲ್ಲಿಯಲ್ಲಿ ಅಂಥದೊಂದು ಮರವಿದೆ ಎಂದಿದ್ದರು. ಹಾಗೆ ಹೊರಟೆವು.

ಮೆಟ್ರೊದಲ್ಲೇ ಪ್ರವಾಸ ಶುರುವಾಗಿತ್ತು. ಟ್ರಿನಿಟಿ ಬಿಟ್ಟ ಮೇಲೆ ಸ್ಪೀಕರಿನಲ್ಲಿ 'ಮುಂದಿನ ನಿಲ್ದಾಣ ಹಲಸೂರು' ಎಂದು ಬಂತು. ಆ ಹೆಸರನ್ನು ಸಾವಿರ ಸಲ ಕೇಳಿದ್ದೇನೆ. ಅವತ್ತು ಮಾತ್ರ ಅದರೊಳಗಿದ್ದ ಹಲಸು ನನಗೆ ಕೇಳಿಸಿತು. ಕೆರೆಯ ದಂಡೆಯಲ್ಲಿ ಹಲಸಿನ ತೋಪಿದ್ದ ಊರು. ದಂಡಿನ ಇಂಗ್ಲಿಷರು ಅದನ್ನು ಅಲ್ಸೂರು ಎಂದು ಕರೆದು, ಹಣ್ಣನ್ನು ಹೆಸರಿನಿಂದ ಕಿತ್ತುಹಾಕಿದ್ದರು. ಈಗ ಫಲಕದ ಮೇಲೆ ಹಣ್ಣು ವಾಪಸು ಬಂದು ಕೂತಿದೆ. ಮೇಷ್ಟ್ರು ಬೆರಳು ಮಡಿಚುತ್ತ ಹೋದರು. ಲಾಲ್‌ಬಾಗಿನ ಪಕ್ಕ ಮಾವಳ್ಳಿ, ಹೊಸೂರು ದಾರಿಯಲ್ಲಿ ಅತ್ತಿಬೆಲೆ, ಅದರ ಹತ್ತಿರ ನೇರಳೂರು, ವರ್ತೂರಿನ ಆಚೆ ಹಲಸಹಳ್ಳಿ, ವಿಮಾನ ನಿಲ್ದಾಣದ ದಾರಿಯಲ್ಲಿ ಹುಣಸಮಾರನಹಳ್ಳಿ. ಬಣ್ಣವಿಲ್ಲದೆ, ಬರೀ ಹೆಸರಿನಲ್ಲಿ ಯಾರೋ ಬರೆದಿಟ್ಟ ದೃಶ್ಯಚಿತ್ರಗಳು ಇವು. ಊರನ್ನು ದೂರದಿಂದ ನೋಡಿದವನಿಗೆ ಮೊದಲು ಕಂಡದ್ದು ಯಾವ ಮರವೋ ಅದೇ ಊರಾಯಿತು.

ಮಾರತ್ತಹಳ್ಳಿಯ ಹೆಸರಿನಲ್ಲಿ ಹಣ್ಣಿಲ್ಲ. ಪಕ್ಕದಲ್ಲೇ ಎಚ್‌ಎಎಲ್ ಇರುವುದರಿಂದ, ಅಲ್ಲಿ ತಯಾರಾದ ಮಾರುತ್ ಯುದ್ಧವಿಮಾನದಿಂದ ಊರಿಗೆ ಈ ಹೆಸರು ಬಂತು ಎಂದು ಹೇಳುವವರಿದ್ದಾರೆ. ಮಾರುತ್ ಮೊದಲ ಸಲ ಹಾರಿದ್ದು 1961ರ ಜೂನ್ 17ರಂದು. ಹಳ್ಳಿ ಅದಕ್ಕಿಂತ ಹಳೆಯದು. ಆದರೂ ಗಾಳಿಯ ಹೆಸರು ಈ ಊರಿಗೆ ಒಪ್ಪುತ್ತದೆ ಎನ್ನಿಸಿತು. ರಿಂಗ್ ರೋಡಿನ ಮೇಲೆ ಮೆಟ್ರೊ ಕಂಬಗಳ ಸಾಲು, ಅದರ ಆಚೆ ಈಚೆ ಗಾಜಿನ ಕಟ್ಟಡಗಳು, ಭಾನುವಾರವಾದರೂ ಬಟ್ಟೆ ಅಂಗಡಿಗಳ ಮುಂದೆ ಆಟೋಗಳು. ನಾವು ಗಲ್ಲಿಗೆ ತಿರುಗಿದ ಐವತ್ತು ಹೆಜ್ಜೆಯಲ್ಲೇ ಸದ್ದು ಅಡಗಿತು. ನನಗೆ ಮೊದಲು ಬೆರಗು ಹುಟ್ಟಿಸಿದ್ದು ಅದು. ಆರು ಮಹಡಿಯ ಪಿಜಿಗಳ ಬುಡದಲ್ಲಿ, ನೀರಿನ ಟ್ಯಾಂಕರ್ ನಿಲ್ಲುವ ಜಾಗದ ಪಕ್ಕದಲ್ಲಿ, ಮೂರಡಿ ಮಣ್ಣು ಸಿಕ್ಕಿದಲ್ಲೆಲ್ಲ ಒಂದೊಂದು ಹಣ್ಣಿನ ಗಿಡ ನಿಂತಿತ್ತು. ಪರಂಗಿ, ಸೀಬೆ, ದಾಳಿಂಬೆ, ಒಂದು ಮನೆಯ ಮುಂದೆ ಕಾಯಿಯ ಭಾರಕ್ಕೆ ಬಾಗಿದ ಚಕ್ಕೋತ. ಸೀಬೆಯ ಕಾಂಡವನ್ನು ಮೇಷ್ಟ್ರು ಅಂಗೈಯಿಂದ ಸವರಿದರು. ತೊಗಟೆ ಸುಲಿದಲ್ಲೆಲ್ಲ ಹಸಿರು, ಕಂದು, ನಸುಗೆಂಪು ತೇಪೆಗಳು. "ಜಲವರ್ಣದ ವಾಶು ಕಲೀಬೇಕು ಅಂದ್ರೆ ಇದರ ಹತ್ರ ಕಲೀಬೇಕು" ಎಂದರು.

ಹಲಸಿನ ಮರ ಕಂಡದ್ದು ಗಲ್ಲಿಯ ತಿರುವಿನಲ್ಲಿ. ಹಂಚಿನ ಹಳೆಯ ಮನೆಯೊಂದು ಎರಡು ಕಾಂಕ್ರೀಟ್ ಗೋಡೆಗಳ ನಡುವೆ ಉಳಿದುಕೊಂಡಿದೆ. ಅದರ ಅಂಗಳದಲ್ಲಿ, ಅಂಗಳಕ್ಕಿಂತ ದೊಡ್ಡದಾಗಿ, ಈ ಮರ. ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪ. ಬುಡದಿಂದಲೇ ಕಾಯಿ ಶುರು. ಮೊದಲನೆಯದು ನೆಲ ಮುಟ್ಟುವಂತಿತ್ತು. ಎರಡನೆಯದು ಮಗುವಿನ ತಲೆಯ ಎತ್ತರದಲ್ಲಿ. ಆಮೇಲೆ ಗೊಂಚಲು ಗೊಂಚಲಾಗಿ ಮೇಲೆ ಮೇಲೆ. ಮರದ ಹಿಂದೆ, ದೂರದಲ್ಲಿ, ಗಾಜಿನ ಕಚೇರಿಯೊಂದು ಆಕಾಶದಷ್ಟೇ ಬೆಳ್ಳಗೆ ನಿಂತಿತ್ತು.

ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಮೇಷ್ಟ್ರು ಚೀಲದಿಂದ ಹಳೆಯ ಮದುವೆ ಕರೆಯೋಲೆಯೊಂದನ್ನು ತೆಗೆದು, ನಡುವೆ ಚೌಕವಾಗಿ ಕತ್ತರಿಸಿದ್ದ ಕಿಂಡಿಯನ್ನು ಕಣ್ಣಿಗೆ ಹಿಡಿದರು. ವಿಯೆನ್ನಾದ ಗುಸ್ಟಾವ್ ಕ್ಲಿಮ್ಟ್ ಬೇಸಿಗೆ ರಜೆಗೆ ಸರೋವರದ ದಂಡೆಗೆ ಹೋದಾಗ ಹೀಗೇ ರಟ್ಟಿನ ಕಿಂಡಿಯಿಂದ ಮರಗಳನ್ನು ನೋಡುತ್ತಿದ್ದನಂತೆ. ಅವನ ಸೇಬು, ಪೇರ್ ಮರಗಳ ಚಿತ್ರಗಳು ಸಮಚೌಕ. ಅದರಲ್ಲಿ ಎಲೆಯೇ ಎಲೆ, ಹಣ್ಣೇ ಹಣ್ಣು. ಆಕಾಶಕ್ಕೆ ಒಂದು ಬೆರಳಗಲ ಜಾಗ ಸಿಕ್ಕರೆ ಹೆಚ್ಚು. ಮೇಷ್ಟ್ರು ಕಿಂಡಿಯನ್ನು ನನಗೆ ಕೊಟ್ಟರು. ನೋಡಿದೆ. ಗಲ್ಲಿ ಮಾಯವಾಯಿತು, ಪಿಜಿ ಮಾಯವಾಯಿತು, ಕೇಬಲ್ ತಂತಿಗಳ ಗಂಟು ಮಾಯವಾಯಿತು. ಚೌಕದ ತುಂಬ ಮುಳ್ಳು ಮುಳ್ಳಾದ ಹಸಿರು ಮಾತ್ರ ಉಳಿಯಿತು. ನಾನು ಮಾರತ್ತಹಳ್ಳಿಯಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

"ಈಗ ಕಿಂಡಿ ದೂರ ಹಿಡಿ" ಎಂದರು. ಹಿಡಿದೆ. ಒಂದು ಕೊಂಬೆ ಚೌಕದ ಅಡ್ಡಕ್ಕೆ ಬಂದು, ಅದರ ಸಂದಿನಿಂದ ಗಾಜಿನ ಕಚೇರಿ, ಒಣಗಲು ಹಾಕಿದ ಬಟ್ಟೆ, ಸೈಕಲ್ ತುಳಿಯುವ ಹುಡುಗಿ ಕಂಡರು. ಮೇಷ್ಟ್ರು ಮೆಲ್ಲಗೆ, "ಇದು ಜಪಾನು" ಎಂದರು. ಹಿರೋಶಿಗೆ ಎಂಬ ಅಲ್ಲಿನ ಚಿತ್ರಕಾರ 1857ರಲ್ಲಿ ಎಡೊ ಪಟ್ಟಣದ ಪ್ಲಮ್ ತೋಟವನ್ನು ಹೀಗೆ ತೋರಿಸಿದ್ದ. ಬಾಗಿದ ಕಾಂಡವನ್ನು ನೋಡುವವನ ಮೂಗಿನ ತುದಿಗೆ ತಂದು ನಿಲ್ಲಿಸಿ, ಅದರ ಸಂದಿನಲ್ಲಿ ಪುಟ್ಟ ಪುಟ್ಟ ಜನರನ್ನಿಟ್ಟ. ಮೂವತ್ತು ವರ್ಷದ ನಂತರ ಪ್ಯಾರಿಸ್ಸಿನಲ್ಲಿ ಕೂತು ವ್ಯಾನ್ ಗೋ ಅದೇ ಮರದಚ್ಚಿನ ಚಿತ್ರವನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಮರುವರ್ಷ, 1888ರ ವಸಂತದಲ್ಲಿ, ದಕ್ಷಿಣ ಫ್ರಾನ್ಸಿನ ಆರ್ಲ್ ಊರಿಗೆ ಹೋದವನಿಗೆ ಪೀಚ್, ಪ್ಲಮ್, ಪೇರ್, ಏಪ್ರಿಕಾಟ್ ಮರಗಳು ಹೂಬಿಟ್ಟದ್ದು ಕಂಡಿತು. ಹೂವು ಉದುರುವುದರೊಳಗೆ ಬರೆದು ಮುಗಿಸಬೇಕೆಂದು, ಗಾಳಿಗೆ ಹಾರಿಹೋಗದಂತೆ ಈಸೆಲನ್ನು ಗೂಟ ಹೊಡೆದು ನೆಲಕ್ಕೆ ಬಿಗಿದು, ಒಂದು ತಿಂಗಳ ಆಸುಪಾಸಿನಲ್ಲಿ ಹದಿನಾಲ್ಕು ತೋಟಗಳ ಚಿತ್ರ ಬರೆದ. 1890ರ ಜನವರಿ 31ರಂದು ತಮ್ಮನಿಗೆ ಗಂಡುಮಗು ಹುಟ್ಟಿದಾಗ ಅವನು ಉಡುಗೊರೆಯಾಗಿ ಬರೆದದ್ದೂ ನೀಲಿ ಆಕಾಶದ ಮೇಲೆ ಹೂಬಿಟ್ಟ ಬಾದಾಮಿ ಕೊಂಬೆಯನ್ನು. ಅವನ ಚಿತ್ರಗಳಲ್ಲೂ ಹಣ್ಣಿನ ಮರಗಳು ಹೂವಾಗಿಯೇ ಇವೆ, ನೋಡಿ. ಮೇಷ್ಟ್ರ ಪ್ರಶ್ನೆ ಅಲ್ಲಿಗೂ ಹೋಗುತ್ತದೆ.

ಅಷ್ಟರಲ್ಲಿ ಹಂಚಿನ ಮನೆಯ ಬಾಗಿಲು ತೆರೆಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಅಜ್ಜಿಯೊಬ್ಬರು ಹೊರಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಏನಪ್ಪಾ ಬರ್ಕಂತಾ ಇದೀರಿ? ರೋಡ್ ಅಗಲ ಮಾಡೋಕಾ?"

"ಇಲ್ಲಜ್ಜಿ, ಮರ ಬರೀತಾ ಇದೀವಿ."

"ಮರ ಬರ್ಕಂಡ್ರೆ ಆಮೇಲೆ ಕಡಿಯೋಕೆ ತಾನೆ ಬರಾದು?"

ನಾನು ಮಾತಿಲ್ಲದೆ ನಿಂತೆ. ಕನ್ನಡದಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಲೆಕ್ಕವನ್ನೂ ಬರೆಯುತ್ತೇವೆ. ಕಾಗದ ಹಿಡಿದು ಮರದೆದುರು ಕೂತವರನ್ನು ಈ ಅಂಗಳ ಎಷ್ಟು ಸಲ ನೋಡಿದೆಯೋ. ಮೇಷ್ಟ್ರು ಎದ್ದು ಹೋಗಿ, ಬೋರ್ಡನ್ನು ಅವರ ಕಡೆ ತಿರುಗಿಸಿ, ಪೆನ್ಸಿಲಿನಲ್ಲಿ ಅದುವರೆಗೆ ಮೂಡಿದ್ದ ಕಾಂಡವನ್ನು ತೋರಿಸಿದರು. ಅಜ್ಜಿ ಬೆರಳಿನಿಂದ ಮುಟ್ಟಿ ನೋಡಿ, "ಓ, ಬೊಂಬೆ ಬರೀತಿದೀರಾ" ಎಂದು ನಕ್ಕರು. ಆಮೇಲೆ ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದರು.

ಮೇಷ್ಟ್ರು ಕಾಯಿ ಬರೆಯಲು ಶುರು ಮಾಡಿದಾಗ ಹಲಸಿನ ನಿಜವಾದ ಕಷ್ಟ ಗೊತ್ತಾಯಿತು. ಮಾವು ಕೊಂಬೆಯ ತುದಿಯಲ್ಲಿ ಉದ್ದ ತೊಟ್ಟಿನಲ್ಲಿ ತೂಗುತ್ತದೆ. ಮರದ ಅಂಚಿಗೆ ಒಡವೆ ಹಾಕಿದ ಹಾಗೆ ಬರೆಯಬಹುದು. ಹಲಸು ಹಾಗಲ್ಲ. ಕಾಂಡದಿಂದಲೇ, ದಪ್ಪ ಕೊಂಬೆಯಿಂದಲೇ ನೇರವಾಗಿ ಹೊರಡುತ್ತದೆ. ಮರದ ಮೇಲೆ ಬೆಳೆಯುವ ಹಣ್ಣುಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ, ಆ ಭಾರ ತೆಳ್ಳಗಿನ ಕೊಂಬೆಗೆ ತಡೆಯದು. ಹಾಗಾಗಿ ಚಿತ್ರದ ತೂಕವೆಲ್ಲ ಕೆಳಗೆ, ನೆರಳಿನಲ್ಲಿ ಕೂರುತ್ತದೆ. ಬೆಳಕೆಲ್ಲ ಮೇಲೆ ಎಲೆಗಳಲ್ಲಿ, ವಿಷಯವೆಲ್ಲ ಕೆಳಗೆ ಕತ್ತಲಲ್ಲಿ! ಕಾಯಿಯ ಹಸಿರೂ ಎಲೆಯ ಹಸಿರೂ ಕಾಂಡದ ಪಾಚಿಯ ಹಸಿರೂ ಅಕ್ಕತಂಗಿಯರು. ಮೇಷ್ಟ್ರು ಹಳದಿಗೆ ಚೂರು ಕಂದು ಸೇರಿಸಿದರು, ಅಳಿಸಿದರು, ಮತ್ತೆ ಚೂರು ನೀಲಿ ಬೆರೆಸಿದರು. ಹಣೆಯಲ್ಲಿ ಬೆವರು.

"ಹೂವೇ ಇಲ್ಲದ ಮರ ಬರೆಯೋದು ಎಷ್ಟು ಕಷ್ಟ ನೋಡು" ಎಂದರು. ನಾನು ಆಗ, ಶಾಲೆಯಲ್ಲಿ ಓದಿದ್ದನ್ನು ನೆನೆದು, ಹಲಸಿನ ಕಾಯಿಯೇ ಹೂವಲ್ಲವೇ ಎಂದೆ. ಒಂದು ಕಾಯಿ ಒಂದು ಹೂವಿನದಲ್ಲ. ಒಂದೇ ದಿಂಡಿನ ಮೇಲೆ ಒತ್ತೊತ್ತಾಗಿ ಕೂತ ನೂರಾರು ಹೂವುಗಳು ಒಟ್ಟಿಗೆ ಬೆಳೆದು ಒಂದು ಕಾಯಿಯಾಗುತ್ತವೆ. ಒಂದೊಂದು ತೊಳೆಯೂ ಒಂದೊಂದು ಹೂವಿನದು. ಕಾಯಿ ಕಟ್ಟದೆ ಹೋದ ಹೂಗಳು ತೊಳೆಗಳ ನಡುವಿನ ನಾರು. ಹೊರಗಿನ ಒಂದೊಂದು ಮುಳ್ಳಿನ ಹಿಂದೆಯೂ ಒಂದೊಂದು ಹೂವಿತ್ತು. ಮೇಷ್ಟ್ರು ಕುಂಚ ಕೆಳಗಿಟ್ಟರು. ಎದ್ದು ಮರದ ಹತ್ತಿರ ಹೋಗಿ, ನೆಲ ಮುಟ್ಟುತ್ತಿದ್ದ ಕಾಯಿಯ ಮುಳ್ಳುಗಳ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತರು. ವಾಪಸು ಬಂದ ಮೇಲೆ ಅವರ ಕುಂಚ ಬೇರೆಯಾಗಿತ್ತು. ಕಾಯಿಗೆ ಬಣ್ಣ ತುಂಬುವುದನ್ನು ಬಿಟ್ಟು, ರುಮಾಲೆಯವರ ಗುಲ್‌ಮೊಹರಿನ ಹಾಗೆ, ಚುಕ್ಕೆ ಪಕ್ಕ ಚುಕ್ಕೆ ಇಡತೊಡಗಿದರು. ಒಂದೊಂದು ಮುಳ್ಳಿಗೂ ಒಂದೊಂದು ಚುಕ್ಕೆ. ಕಾಯಿ ಉಸಿರಾಡಿತು.

ಹಣ್ಣನ್ನು ಬರೆದವರು ಬೆಂಗಳೂರಿನಲ್ಲಿ ಮೊದಲೂ ಇದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೈದರ್ ಮತ್ತು ಟಿಪ್ಪು ಬೆಳೆಸಿದ ಬೆಂಗಳೂರಿನ ತೋಟಗಳನ್ನು ನೋಡಿ ಬರೆದಿದ್ದಾನೆ. ಸೈಪ್ರೆಸ್ ಸಾಲುಗಳ ನಡುವೆ ಚೌಕ ಚೌಕ ಮಡಿಗಳು, ಅವುಗಳಲ್ಲಿ ಹಣ್ಣಿನ ಮರಗಳು, ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ಚೌಕ. ಮುಂದೆ ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ಅಲ್ಲಿನ ಗಿಡಗಳನ್ನು ಒಂದೊಂದಾಗಿ ಕಾಗದಕ್ಕಿಳಿಸಿದರು. ಎಲೆಯ ನರ, ತೊಟ್ಟಿನ ತಿರುವು ಯಾವುದೂ ತಪ್ಪದ ಅಪ್ಪಟ ಕೈ ಅದು. ಆ ಬಗೆಯ ಚಿತ್ರದಲ್ಲಿ ಗಿಡದ ಹಿಂದೆ ಬಿಳಿ ಕಾಗದ ಮಾತ್ರ ಇರುತ್ತದೆ. ಶಾಸ್ತ್ರಕ್ಕೆ ಹಾಗೆ ಬೇಕು. ಊರಿಲ್ಲ, ನೆರಳಿಲ್ಲ, ಕಲ್ಲು ಹೊಡೆಯುವ ಹುಡುಗನಿಲ್ಲ. ಮೇಷ್ಟ್ರು ಹುಡುಕುತ್ತಿದ್ದದ್ದು ಹಣ್ಣು ತನ್ನ ಊರಿನೊಳಗೆ ಇರುವ ಚಿತ್ರ.

ಬಿಸಿಲು ಏರಿ ಹತ್ತು ಗಂಟೆಯಾದಾಗ ಒಂದು ವಿಚಿತ್ರ ನಡೆಯಿತು. ಗಲ್ಲಿಯ ಇನ್ನೊಂದು ತುದಿಯಲ್ಲಿ ಹೊಸದಾಗಿ ಎದ್ದ ಕಟ್ಟಡದ ಗಾಜಿನ ಮೇಲೆ ಬೆಳಕು ತಿರುಗಿ, ಅಜ್ಜಿಯ ಹಲಸು ಅದರಲ್ಲಿ ಮೂಡಿತು. ಒಂದೊಂದು ಗಾಜಿನಲ್ಲಿ ಒಂದೊಂದು ಚೂರು. ಕಾಂಡ ಒಂದರಲ್ಲಿ, ಕಾಯಿ ಇನ್ನೊಂದರಲ್ಲಿ, ಸೇರುವಲ್ಲಿ ಚೂರು ಸರಿದ ಹಾಗೆ. ಕಪ್ಪು ಗೀರುಗಳ ನಡುವೆ ಹಸಿರು, ಬೂದು, ನೀಲಿ ಚೌಕಗಳು. ಮೇಷ್ಟ್ರು, "ಮೋಂಡ್ರಿಯನ್! ಮೋಂಡ್ರಿಯನ್!" ಎಂದು ಮಗುವಿನಂತೆ ಕೂಗಿದರು. ಪೀಟ್ ಮೋಂಡ್ರಿಯನ್ ಎಂದರೆ ನೇರ ಗೆರೆ, ಕೆಂಪು ಹಳದಿ ನೀಲಿ ಚೌಕ ಎಂದಷ್ಟೇ ನನಗೆ ಗೊತ್ತಿತ್ತು. ಅವನು ಅಲ್ಲಿಗೆ ಹೋದದ್ದು ಸೇಬಿನ ಮರದ ದಾರಿಯಲ್ಲಿ. ಮೊದಲು ಸಂಜೆಯ ಕೆಂಪಿನಲ್ಲಿ ಉರಿಯುವ ಮರ. ಆಮೇಲೆ 1911ರಲ್ಲಿ 'ಬೂದು ಮರ', ಕೊಂಬೆಗಳೆಲ್ಲ ಕಮಾನುಗಳಾದವು. 1912ರಲ್ಲಿ 'ಹೂಬಿಟ್ಟ ಸೇಬಿನ ಮರ', ಅಲ್ಲಿ ಮರವೂ ಇಲ್ಲ, ಹೂವೂ ಇಲ್ಲ, ಗೆರೆಗಳು ಮಾತ್ರ ಒಂದನ್ನೊಂದು ದಾಟುತ್ತವೆ. ನೋಡುತ್ತ ನೋಡುತ್ತ ಮರ ಚೌಕಟ್ಟಾಯಿತು. ಇಲ್ಲಿ ಮಾರತ್ತಹಳ್ಳಿಯಲ್ಲಿ ಚೌಕಟ್ಟೇ ಎದುರು ನಿಂತು ಮರವನ್ನು ತನ್ನೊಳಗೆ ಕರೆದುಕೊಂಡಿದೆ. ಐದು ನಿಮಿಷ ಇರಬಹುದು. ಮೋಡ ಬಂತು, ಗಾಜು ಮತ್ತೆ ಗಾಜಾಯಿತು.

ಅಜ್ಜಿ ಈಗ ನಮ್ಮ ಪಕ್ಕದಲ್ಲೇ ಕೂತಿದ್ದರು. ಮದುವೆಯಾಗಿ ಬಂದಾಗಲೇ ಈ ಮರ ಕಾಯಿ ಬಿಡುತ್ತಿತ್ತಂತೆ. ಆಗ ಊರಾಚೆ ಗುಂಡುತೋಪಿತ್ತು ಎಂದರು. ಆ ಮಾತು ಬಂದದ್ದೇ ಅವರ ಕೈ ತಾನಾಗಿ ಎದ್ದು, ಟ್ಯಾಂಕರ್ ನಿಂತಿದ್ದ ಕಡೆ ತೋರಿಸಿತು. "ಮಾವು, ಹಲಸು, ನೇರಳೆ, ಹುಣ್ಸೆ, ಹೊಂಗೆ, ಎಲ್ಲಾ ಇದ್ವು. ಯಾರ್ದೂ ಅಲ್ಲ, ಎಲ್ಲಾರ್ದೂವೆ. ದನಾ ಮೇಸೋರು ಮಧ್ಯಾಹ್ನ ಅಲ್ಲೇ ಮಲಗೋರು. ಜಾತ್ರೆಗೆ ಬಂದೋರು ಅಲ್ಲೇ ಅಡುಗೆ ಮಾಡೋರು."

ಬೆಂಗಳೂರು ಸುತ್ತಿನ ಹಳ್ಳಿ ಹಳ್ಳಿಗೂ ಹೀಗೊಂದು ಗುಂಡುತೋಪು ಇರುತ್ತಿತ್ತು. ಹರಿಣಿ ನಾಗೇಂದ್ರ ಮತ್ತು ಸೀಮಾ ಮುಂಡೋಳಿ ಈ ತೋಪುಗಳನ್ನು ಹುಡುಕಿಕೊಂಡು ಹೋಗಿ ಅಧ್ಯಯನ ಮಾಡಿದ್ದಾರೆ. ಕೆಲವು ಉಳಿದಿವೆ, ಎಷ್ಟೋ ತೋಪುಗಳ ಜಾಗದಲ್ಲಿ ಈಗ ಬಡಾವಣೆ, ಶಾಲೆ, ಬಸ್ ನಿಲ್ದಾಣಗಳಿವೆ. ಗುಂಡುತೋಪು ಯಾರೊಬ್ಬರ ತೋಟವೂ ಅಲ್ಲ, ಕಾಡೂ ಅಲ್ಲ. ನೆಟ್ಟವನು ತಿನ್ನುವುದಿಲ್ಲ, ತಿನ್ನುವವನು ನೆಟ್ಟಿಲ್ಲ. ನನಗೆ ಹೊಳೆದದ್ದನ್ನು ಹೇಳಿಬಿಡುತ್ತೇನೆ. ಹೂವಿನ ಮರವನ್ನು ದೂರದಿಂದ ನೋಡಿದರೂ ಸಾಕು, ಅದಕ್ಕೇ ಅದು ಬೇಗ ಚಿತ್ರವಾಗುತ್ತದೆ. ಹಣ್ಣಿನ ಮರದ ಹತ್ತಿರ ಹೋಗಬೇಕು, ಹತ್ತಬೇಕು, ಅಂಟು ಮೆತ್ತಿಕೊಳ್ಳಬೇಕು, ಅದರ ಕೆಳಗೆ ಮಲಗಬೇಕು. ಅಷ್ಟು ಹತ್ತಿರದ್ದನ್ನು ಚಿತ್ರವೆಂದು ಕಾಣಲು ನಮಗೆ ಒಂದು ಕರೆಯೋಲೆಯ ಕಿಂಡಿ ಬೇಕಾಯಿತು.

ಹೋದ ವರ್ಷ ಇದೇ ಮೇಷ್ಟ್ರ ಜೊತೆ ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆತೋಪಿಗೆ ಹೋಗಿದ್ದೆ. ಸುಮಾರು 54 ಎಕರೆ, ಮುನ್ನೂರರಷ್ಟು ಮರಗಳು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಅತಿ ಹಳೆಯ ಮರಗಳಿಗೆ ನಾನೂರು ವರ್ಷವೆನ್ನುತ್ತಾರೆ. ಆ ಕಾಂಡಗಳನ್ನು ಕಾಂಡವೆನ್ನಲು ಬಾಯಿ ಬರುವುದಿಲ್ಲ. ಹಗ್ಗ ಹೊಸೆದ ಹಾಗೆ ತಿರುಚಿ, ನಡುವೆ ಪೊಟರೆಯಾಗಿ, ಒಳಗೆ ಒಬ್ಬರು ನಿಲ್ಲುವಷ್ಟು ಟೊಳ್ಳಾಗಿ, ಆ ಟೊಳ್ಳಿನ ಮೇಲೆ ಹೊಸ ಚಿಗುರು. ಒಂದು ಮರ ಸಾಯುತ್ತಿದೆ ಎಂದುಕೊಂಡು ಹಿಂದೆ ಹೋಗಿ ನೋಡಿದರೆ ಅಲ್ಲಿ ಮೊಳಕೈಯುದ್ದ ಹೊಸ ಕೊಂಬೆ, ಅದರ ತುಂಬ ಕಾಯಿ. ಮೇಷ್ಟ್ರು ಅವತ್ತು ಒಂದು ಗೆರೆಯನ್ನೂ ಎಳೆಯಲಿಲ್ಲ. ಬೋರ್ಡನ್ನು ಕಾಂಡಕ್ಕೆ ಒರಗಿಸಿ, ಸಂಜೆಯವರೆಗೂ ಮರದಿಂದ ಮರಕ್ಕೆ ಸುಮ್ಮನೆ ನಡೆದರು. ಬರುವಾಗ ಬಸ್ಸಿನಲ್ಲಿ, "ಅವು ಚಿತ್ರ ಆಗೋಕೆ ಕಾಯ್ತಾ ಇಲ್ಲ ಕಣೋ. ಈ ಕಡೆ ನಾವೇ ಕಾಯ್ತಿರೋದು" ಎಂದಿದ್ದರು.

ಮಾರತ್ತಹಳ್ಳಿಯ ಚಿತ್ರ ಮುಗಿಯುವ ಹೊತ್ತಿಗೆ ಹನ್ನೊಂದೂವರೆ. ಪಿಜಿಯ ಹುಡುಗರು ಹಲ್ಲುಜ್ಜುತ್ತ ಬಾಲ್ಕನಿಯಿಂದ ನೋಡುತ್ತಿದ್ದರು. ಒಬ್ಬ ಕೆಳಗಿಳಿದು ಬಂದು ಟ್ಯಾಬ್ ತೆಗೆದು, ತಾನೂ ಬರೆಯುತ್ತೇನೆಂದು ಮೆಟ್ಟಿಲ ಮೇಲೆ ಕೂತ. ಚಿತ್ರಕಾರ ಡೇವಿಡ್ ಹಾಕ್ನಿ 2020ರ ವಸಂತದಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಫ್ರಾನ್ಸಿನ ನಾರ್ಮಂಡಿಯ ತನ್ನ ಮನೆಯ ಸುತ್ತಲಿನ ಸೇಬು, ಪೇರ್, ಚೆರ್ರಿ ಮರಗಳು ಚಿಗುರಿ ಹೂಬಿಡುವುದನ್ನು ಐಪ್ಯಾಡಿನಲ್ಲೇ ಬರೆದ. ಆಗ ಅವನಿಗೆ ಎಂಬತ್ತೆರಡು ವರ್ಷ. ಇದನ್ನು ನಾನು ಹೇಳಿದಾಗ ಮೇಷ್ಟ್ರು ಹುಡುಗನ ಪರದೆಯ ಮೇಲೆ ಬಗ್ಗಿ, ಹಸಿರು ಎಲ್ಲಿ ಕಲಸುತ್ತೀಯ ಎಂದು ಕೇಳಿದರು. ಹುಡುಗ ತೋರಿಸಿದ. ಇಬ್ಬರೂ ಬಹಳ ಹೊತ್ತು ಹಸಿರಿನ ಬಗ್ಗೆಯೇ ಮಾತಾಡಿದರು.

ಮೇಷ್ಟ್ರು ಚಿತ್ರವನ್ನು ಅಜ್ಜಿಯ ಎದುರು ಹಿಡಿದರು. ಅಜ್ಜಿ ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಣಿಸಿದರು.

"ಹನ್ನೊಂದೇ ಬರ್ದಿದೀರಾ. ಹದಿನಾರು ಐತಲ್ಲಪ್ಪ?"

"ಉಳಿದವು ಹಿಂದ್ಗಡೆ ಇದ್ದಾವಲ್ಲ ತಾಯಿ, ಇಲ್ಲಿಂದ ಕಾಣಲ್ಲ."

"ಕಾಣ್ದಿದ್ರೆ ಇಲ್ವಾ?"

ಮೇಷ್ಟ್ರು ನನ್ನ ಮುಖ ನೋಡಿದರು, ಮರ ನೋಡಿದರು. ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಹಸಿರು ಕಲಸಿದರು. ಕಾಂಡದ ಅಂಚಿನಲ್ಲಿ, ಎಲೆಯ ಸಂದಿನಲ್ಲಿ, ಹಿಂದಿನಿಂದ ಇಣುಕಿದಂತೆ ಒಂದೊಂದಾಗಿ ಐದು ಕಾಯಿ ಬಂದವು. ಅಜ್ಜಿ ಮತ್ತೆ ಎಣಿಸಿದರು. ಹದಿನಾರು. ತಲೆಯಾಡಿಸಿದರು. ಬೆರಳು ಮಾತ್ರ ಚಿತ್ರದಿಂದ ಮೇಲೇಳಲಿಲ್ಲ. ಕಾಂಡದ ನಡುವೆ, ಬರಿದಾಗಿದ್ದ ಒಂದು ಜಾಗದಲ್ಲಿ ನಿಂತಿತು.

"ಇಲ್ಲೊಂದಿತ್ತು. ಮೊನ್ನೆ ಇಳಿಸಿ ಹೊಸಕೋಟೆ ಮಗಳ ಮನೇಗೆ ಕೊಟ್ಟೆ. ಜೇನು ಇದ್ದಂಗಿತ್ತಂತೆ."

ಮರದಲ್ಲಿ ನೋಡಿದೆ. ಅಲ್ಲಿ ಕಡಿದ ತೊಟ್ಟಿನ ಗುರುತಿತ್ತು, ಅದರ ಕೆಳಗೆ ಒಣಗಿದ ಹಾಲಿನ ಬಿಳಿ ಗೆರೆ. ಮೇಷ್ಟ್ರು ಏನೂ ಕೇಳಲಿಲ್ಲ. ಎಷ್ಟು ದೊಡ್ಡದು ಎಂಬಂತೆ ಎರಡು ಕೈ ಅಗಲಿಸಿ ತೋರಿಸಿದರು. ಅಜ್ಜಿ ಅವರ ಕೈಗಳನ್ನು ಹಿಡಿದು ಇನ್ನಷ್ಟು ದೂರ ಸರಿಸಿದರು. ಕುಂಚ ನೀರಿಗಿಳಿಯಿತು. ಚುಕ್ಕೆ ಪಕ್ಕ ಚುಕ್ಕೆ, ಮುಳ್ಳು ಪಕ್ಕ ಮುಳ್ಳು, ಉಳಿದವಕ್ಕಿಂತ ಸ್ವಲ್ಪ ಹಳದಿಯಾಗಿ, ಮಾಗಿದ ಬಣ್ಣದಲ್ಲಿ, ಹದಿನೇಳನೆಯದು ತನ್ನ ಜಾಗದಲ್ಲಿ ಬಂದು ಕೂತಿತು. ಅಜ್ಜಿ ಅದು ಒಣಗುವವರೆಗೂ ಸೆರಗಿನಿಂದ ಗಾಳಿ ಹಾಕುತ್ತಿದ್ದರು.